ಕೂರುತ್ತದೆ, ಆದರೆ ಓಡದು: ಗಣಕದ 'ಅಪ್‌ಗ್ರೇಡ್' ಕುರಿತು ಒಂದು ವಿಮರ್ಶೆ

ಪರಿಚಯದ ಪ್ರೌಢಶಾಲಾ ಶಿಕ್ಷಕರೊಬ್ಬರು ಕೊಟೇಶನ್ ಒಂದನ್ನು ತಂದು ನನ್ನ ಮುಂದಿಟ್ಟರು. ಶಾಲೆಯ ಗಣಕ ಕೊಠಡಿಯಲ್ಲಿರುವ ಹನ್ನೆರಡು ಗಣಕಗಳನ್ನು 'ಅಪ್‌ಗ್ರೇಡ್' ಮಾಡಿಕೊಡಲು ಅಂಗಡಿಯವರು ಬರೆದುಕೊಟ್ಟದ್ದು ಅದು. ಮೊದಲ ಸಾಲಿನಲ್ಲಿ ಪ್ರೊಸೆಸರ್, ಎರಡನೆಯದರಲ್ಲಿ ಮದರ್‌ಬೋರ್ಡ್, ಮೂರನೆಯದರಲ್ಲಿ ಡಿಡಿಆರ್5 ರ್‍ಯಾಮ್, ನಾಲ್ಕನೆಯದರಲ್ಲಿ ವಿಂಡೋಸ್ ಪರವಾನಗಿ. ಲೆಕ್ಕ ಹಾಕಿದರೆ ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟಿದ್ದ ಹಣ ಐದು ಗಣಕಗಳಿಗೂ ಸಾಲದು. "ಪ್ರೊಸೆಸರ್ ಒಂದನ್ನೇ ಬದಲಾಯಿಸಿಕೊಡಿ ಅಂದೆ. 'ಆಗಲ್ಲ ಸಾರ್, ಪ್ರೊಸೆಸರ್ ಬದಲಾದ್ರೆ ಬೋರ್ಡೂ ಹೋಗ್ಬೇಕು, ಬೋರ್ಡ್ ಹೋದ್ರೆ ರ್‍ಯಾಮೂ ಹೋಗ್ಬೇಕು' ಅಂತಾರೆ. ಹೌದಾ?" ಎಂಬುದು ಅವರ ಪ್ರಶ್ನೆ.

ಅಂಗಡಿಯವರು ಹೇಳಿದ್ದು ಅರ್ಧ ನಿಜ. ಉಳಿದರ್ಧ ನಿಜವಲ್ಲದಿದ್ದರೂ ಅವರ ತಪ್ಪೇನಲ್ಲ. ಅದು ಅವರಿಗೂ ಮೇಲಿನಿಂದ ಬಂದದ್ದು. ಪುಸ್ತಕವನ್ನೋ ನಾಟಕವನ್ನೋ ವಿಮರ್ಶೆ ಮಾಡುವ ಹಾಗೆ ಈ ನಾಲ್ಕು ಸಾಲಿನ ಕೊಟೇಶನ್ನನ್ನೂ ವಿಮರ್ಶೆಗೆ ಒಡ್ಡಬಾರದೇಕೆ ಎನಿಸಿತು.

ಮೊದಲು ಗಣಕದ ಪರಿಚಯ. ಒಳಗಿರುವುದು ಇಂಟೆಲ್ ಕಂಪನಿ 2015ರಲ್ಲಿ ಬಿಡುಗಡೆ ಮಾಡಿದ ಕೋರ್ ಐ3-6100 ಎಂಬ ಪ್ರೊಸೆಸರ್. ಅದರಲ್ಲಿ ಎರಡು ಕೋರ್, ನಾಲ್ಕು ಥ್ರೆಡ್. ಬೋರ್ಡು ಎಚ್110 ಚಿಪ್‌ಸೆಟ್ಟಿನದು. 4 ಜಿಬಿ ಡಿಡಿಆರ್4 ರ್‍ಯಾಮ್, ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್. ಮಕ್ಕಳು ಬಳಸುವುದು ಜಿಯೋಜೀಬ್ರಾ, ನುಡಿ, ಲೆಕ್ಕದ ಹಾಳೆ ಮತ್ತು ಅಂತರಜಾಲ. ದೂರು ಒಂದೇ: 'ಗಣಕ ನಿಧಾನ'. ಗುಂಡಿ ಒತ್ತಿದ ಮೇಲೆ ಕೆಲಸಕ್ಕೆ ಸಿದ್ಧವಾಗಲು ಎರಡೂವರೆ ನಿಮಿಷ.

ನಿಧಾನ ಯಾವುದು ಎಂದು ಯಾರೂ ಅಳೆದಿರಲಿಲ್ಲ. ಕೊಟೇಶನ್ನಿನ ಮೊದಲ ದೋಷ ಇದೇ. ಗಣಕ ಏಳುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆವು. ಡಿಸ್ಕ್ ನೂರಕ್ಕೆ ನೂರು ತೊಡಗಿತ್ತು, ಪ್ರೊಸೆಸರ್ ಬಹುಪಾಲು ಸುಮ್ಮನೆ ಕುಳಿತಿತ್ತು. ಕಾರಣವನ್ನು ಪ್ರೌಢಶಾಲೆಯ ಗಣಿತದಿಂದಲೇ ತಿಳಿಯಬಹುದು. ನಿಮಿಷಕ್ಕೆ 7200 ಸುತ್ತು ಎಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ದತ್ತಾಂಶ ಓದುತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯಬೇಕು. ಓದುತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೂ 8-9 ಮಿಲಿಸೆಕೆಂಡು. ಒಟ್ಟು ಸುಮಾರು 13. ಇಷ್ಟು ಹೊತ್ತಿನಲ್ಲಿ 3 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿನ ಗಡಿಯಾರ 3 ಕೋಟಿ 90 ಲಕ್ಷ ಬಾರಿ ಮಿಡಿದಿರುತ್ತದೆ. ಅಷ್ಟೂ ಮಿಡಿತ ಒಂದೇ ಒಂದು ಕಡತದ ತುಣುಕಿಗಾಗಿ ಕಾಯುವುದರಲ್ಲಿ ಕಳೆಯಬಹುದು. ಸಾಧಾರಣ ಎಸ್‌ಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಸಾಕು, ಏಕೆಂದರೆ ಅಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ.

ಜೀನ್ ಆಮ್‌ಡಾಲ್ 1967ರಲ್ಲಿ ಮಂಡಿಸಿದ ವಾದವನ್ನು ಇಲ್ಲಿ ನೆನೆಯಬೇಕು: ಕೆಲಸದ ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿದರೂ ಉಳಿದ ಭಾಗ ಹಾಗೆಯೇ ಇರುತ್ತದೆ. ಎರಡೂವರೆ ನಿಮಿಷದಲ್ಲಿ, ಅಂದರೆ 150 ಸೆಕೆಂಡಿನಲ್ಲಿ, 120 ಸೆಕೆಂಡು ಡಿಸ್ಕಿನ ಪಾಲು, 30 ಪ್ರೊಸೆಸರಿನ ಪಾಲು ಎಂದು ಅಂದಾಜಿಗೆ ಹಿಡಿಯೋಣ. ಎರಡು ಪಟ್ಟು ವೇಗದ ಪ್ರೊಸೆಸರ್ ಹಾಕಿದರೆ ಕಾಲ 135 ಸೆಕೆಂಡಿಗೆ ಇಳಿಯುತ್ತದೆ. ಮಕ್ಕಳಿಗೆ ಅದು ಗೊತ್ತೂ ಆಗದು. ಪ್ರೊಸೆಸರನ್ನು ಮುಟ್ಟದೆ ಡಿಸ್ಕಿನ ವೇಗವನ್ನು ಹತ್ತು ಪಟ್ಟು ಹೆಚ್ಚಿಸಿದರೆ 42 ಸೆಕೆಂಡು. ಜೊತೆಗೆ 4 ಜಿಬಿ ರ್‍ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಿನ ದತ್ತಾಂಶವನ್ನು ಅದೇ ಡಿಸ್ಕಿಗೆ ಸಾಗಿಸುತ್ತಿರುತ್ತದೆ. ಇನ್ನೊಂದು 4 ಜಿಬಿ ಸೇರಿಸಿದರೆ ಆ ಓಡಾಟವೂ ಕಡಿಮೆಯಾಗುತ್ತದೆ. ಕೊಟೇಶನ್ನಿನ ನಾಲ್ಕು ಸಾಲಿನಲ್ಲಿ ಎಸ್‌ಎಸ್‌ಡಿ ಎಂಬ ಶಬ್ದವೇ ಇರಲಿಲ್ಲ!

ಎಲ್ಲ ಗಣಕಗಳಿಗೂ ಈ ಮಾತು ಹೊಂದುತ್ತದೆ ಎಂದಲ್ಲ. ವಿಡಿಯೋ ಸಂಕಲನ, ದೊಡ್ಡ ಪ್ರೋಗ್ರಾಮುಗಳ ಕಂಪೈಲ್, ಮೂರು ಆಯಾಮದ ಚಿತ್ರರಚನೆ ಇವೆಲ್ಲ ಪ್ರೊಸೆಸರನ್ನೇ ದುಡಿಸುವ ಕೆಲಸಗಳು. ಅಂಥ ಅಗತ್ಯವಿರುವ ವಿದ್ಯಾರ್ಥಿಗೆ ಹೊಸ ಪ್ರೊಸೆಸರ್ ಬೇಕೇ ಬೇಕು. ಆಗ ಎದುರಾಗುವುದು ಅಂಗಡಿಯವರ ಮಾತಿನ ಸರಪಳಿ: ಪ್ರೊಸೆಸರಿನಿಂದ ಬೋರ್ಡು, ಬೋರ್ಡಿನಿಂದ ರ್‍ಯಾಮ್. ಈ ಸರಪಳಿಯ ಯಾವ ಕೊಂಡಿ ಭೌತವಿಜ್ಞಾನದ್ದು, ಯಾವುದು ವ್ಯಾಪಾರದ್ದು?

ರ್‍ಯಾಮಿನ ಕೊಂಡಿ ಬಹುಮಟ್ಟಿಗೆ ತಾಂತ್ರಿಕವೇ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವುಗಳ ವೋಲ್ಟೇಜ್ ಬೇರೆ, ಸಂಜ್ಞೆಗಳ ಕ್ರಮ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಪಟ್ಟಿಯ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿದ್ದಾರೆ. ಅದು ಪ್ರಾಮಾಣಿಕ ಏರ್ಪಾಡು, ಹೊಂದದ್ದು ಕೂರುವುದೇ ಇಲ್ಲ. ಆದರೂ ಕೊಟೇಶನ್ನಿನ ಮೂರನೆಯ ಸಾಲು ಅನಿವಾರ್ಯವಾಗಿರಲಿಲ್ಲ. ಅಂಗಡಿಯವರು ಬರೆದಿದ್ದ ಎಲ್‌ಜಿಎ 1700 ಸಾಕೆಟ್ಟಿಗೆ ಡಿಡಿಆರ್4 ಬೋರ್ಡುಗಳೂ ಬಂದಿವೆ, ಡಿಡಿಆರ್5 ಬೋರ್ಡುಗಳೂ ಬಂದಿವೆ. ಮೊದಲನೆಯದನ್ನು ಆರಿಸಿದ್ದರೆ ಇದ್ದ ರ್‍ಯಾಮ್ ಉಳಿಯುತ್ತಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಕೇಂದ್ರಗಳ ಬೇಡಿಕೆಯಿಂದ ರ್‍ಯಾಮಿನ ಬೆಲೆ ಜಿಗಿದದ್ದನ್ನು ನೆನೆದರೆ ಇದು ಸಣ್ಣ ಉಳಿತಾಯವಲ್ಲ.

ಬೋರ್ಡಿನ ಕೊಂಡಿಯ ಕಥೆ ಬೇರೆ. 1990ರ ದಶಕದ ನಡುವಿನಲ್ಲಿ ಸಾಕೆಟ್ 7 ಎಂಬುದಿತ್ತು. ಇಂಟೆಲ್, ಎಎಂಡಿ, ಸೈರಿಕ್ಸ್ ಮೂರೂ ಕಂಪನಿಗಳ ಪ್ರೊಸೆಸರುಗಳು ಅದರಲ್ಲಿ ಕೂರುತ್ತಿದ್ದವು. 1997ರಲ್ಲಿ ಇಂಟೆಲ್ ತನ್ನ ಪೆಂಟಿಯಂ 2ಕ್ಕೆ ಸ್ಲಾಟ್ 1 ತಂದ ಮೇಲೆ ದಾರಿಗಳು ಬೇರೆಯಾದವು. 2000ದ ನವೆಂಬರಿನಲ್ಲಿ ಪೆಂಟಿಯಂ 4ರ ಜೊತೆ ಬಂದ ಸಾಕೆಟ್ 423 ಒಂದು ವರ್ಷ ತುಂಬುವ ಮೊದಲೇ ಸಾಕೆಟ್ 478ಕ್ಕೆ ಜಾಗ ಬಿಟ್ಟಿತು. ಆ ಬೋರ್ಡು ಕೊಂಡವರ ಪಾಡು ಊಹಿಸಿಕೊಳ್ಳಿ. ತಮಾಷೆಯೆಂದರೆ, ಬೋರ್ಡಿನ ಅಳತೆ, ಸ್ಕ್ರೂ ರಂಧ್ರಗಳ ಜಾಗ ಇವನ್ನೆಲ್ಲ ಗೊತ್ತುಪಡಿಸಿದ ಎಟಿಎಕ್ಸ್ ಮಾನಕವನ್ನು 1995ರಲ್ಲಿ ರೂಪಿಸಿದ್ದೂ ಇಂಟೆಲ್ಲೇ. ಆ ಮಾನಕದ ಇಪ್ಪತ್ತು ವರ್ಷ ಹಳೆಯ ಕ್ಯಾಬಿನೆಟ್ಟಿನಲ್ಲಿ ಇಂದಿನ ಬೋರ್ಡನ್ನು ಕೂರಿಸಬಹುದು. ಮನಸ್ಸು ಮಾಡಿದರೆ ಈ ಉದ್ಯಮ ಬಾಳುವ ಮಾನಕವನ್ನು ಕೊಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ನಮ್ಮ ಮೇಷ್ಟರ ಗಣಕಕ್ಕೆ ಬರೋಣ. ಅದರ ಸಾಕೆಟ್ ಎಲ್‌ಜಿಎ 1151, ಅಂದರೆ 1151 ಸಂಪರ್ಕಬಿಂದುಗಳಿರುವುದು. 2015ರ ಆರನೆಯ ಪೀಳಿಗೆ, 2017ರ ಆರಂಭದ ಏಳನೆಯ ಪೀಳಿಗೆ ಎರಡೂ ಅದರಲ್ಲಿ ಕೆಲಸ ಮಾಡುತ್ತವೆ. 2017ರ ಅಕ್ಟೋಬರಿನಲ್ಲಿ ಎಂಟನೆಯ ಪೀಳಿಗೆ ಬಂತು. ಅದರ ಸಾಕೆಟ್ಟಿನ ಹೆಸರೂ ಎಲ್‌ಜಿಎ 1151. ಬಿಂದುಗಳು ಅಷ್ಟೇ, ಅಳತೆ ಅದೇ, ಅಂಚಿನ ಕಚ್ಚೂ ಅದೇ. ಹಳೆಯ ಬೋರ್ಡಿನಲ್ಲಿ ಹೊಸ ಪ್ರೊಸೆಸರ್ ಸಲೀಸಾಗಿ ಕೂರುತ್ತದೆ. ಆದರೆ ಓಡುವುದಿಲ್ಲ. 300 ಸರಣಿಯ ಚಿಪ್‌ಸೆಟ್ಟಿರುವ ಹೊಸ ಬೋರ್ಡು ಕೊಳ್ಳಬೇಕು ಎಂದು ಕಂಪನಿ ಹೇಳಿತು.

ಕೊಟ್ಟ ಕಾರಣ ವಿದ್ಯುತ್ ಪೂರೈಕೆಯದು. ಎಂಟನೆಯ ಪೀಳಿಗೆಯಲ್ಲಿ ಆರು ಕೋರುಗಳ ಪ್ರೊಸೆಸರುಗಳಿದ್ದವು, ಅವಕ್ಕೆ ಹೆಚ್ಚು ವಿದ್ಯುತ್ ಬೇಕು, ಹಿಂದೆ ಖಾಲಿ ಬಿಟ್ಟಿದ್ದ ಕೆಲವು ಬಿಂದುಗಳನ್ನು ಅದಕ್ಕಾಗಿ ಬಳಸಿದ್ದೇವೆ ಎಂಬುದು ವಾದ. ಇದನ್ನು ತಳ್ಳಿಹಾಕುವಂತಿಲ್ಲ. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. 1000 ವಾಟ್‌ನ ಇಸ್ತ್ರಿಪೆಟ್ಟಿಗೆ 230 ವೋಲ್ಟ್‌ನಲ್ಲಿ ಎಳೆಯುವ ಪ್ರವಾಹ ಸುಮಾರು 4.3 ಆಂಪಿಯರ್. ಪ್ರೊಸೆಸರ್ ಬಳಸುವುದು 65 ವಾಟ್ ಮಾತ್ರ, ಆದರೆ ಸುಮಾರು 1.2 ವೋಲ್ಟ್‌ನಲ್ಲಿ. 65ನ್ನು 1.2ರಿಂದ ಭಾಗಿಸಿದರೆ 54 ಆಂಪಿಯರ್! ಹನ್ನೆರಡು ಇಸ್ತ್ರಿಪೆಟ್ಟಿಗೆಗಳ ಪ್ರವಾಹ ಉಗುರಿನಗಲದ ಚಿಪ್ಪಿನೊಳಗೆ ಹರಿಯುತ್ತದೆ. ಕೂದಲೆಳೆಯಂಥ ಒಂದೊಂದು ಸಂಪರ್ಕವೂ ಹೊರಬಲ್ಲ ಪ್ರವಾಹಕ್ಕೆ ಮಿತಿಯಿದೆ. ಆದ್ದರಿಂದ ಆರು ಕೋರಿನ ಪ್ರೊಸೆಸರಿಗೆ ಹೆಚ್ಚು ಬಿಂದುಗಳು ಬೇಕು ಎಂಬುದು ಒಪ್ಪತಕ್ಕ ಮಾತು.

ಆದರೆ ಅದೇ ಎಂಟನೆಯ ಪೀಳಿಗೆಯಲ್ಲಿ ಕೋರ್ ಐ3-8100 ಕೂಡ ಇತ್ತು. ಅದಕ್ಕಿರುವುದು ನಾಲ್ಕೇ ಕೋರ್, ನಮೂದಿತ ಸಾಮರ್ಥ್ಯ 65 ವಾಟ್. ಹಳೆಯ ಬೋರ್ಡುಗಳಲ್ಲಿ ಓಡುತ್ತಿದ್ದ ಏಳನೆಯ ಪೀಳಿಗೆಯ ಐ7-7700 ಪ್ರೊಸೆಸರಿಗೂ ನಾಲ್ಕು ಕೋರ್, ಅದೂ 65 ವಾಟ್. ಐ7-7700ಕೆ ಎಂಬುದರದು 91 ವಾಟ್. 91 ವಾಟ್ ಕೊಟ್ಟ ಸಾಕೆಟ್ಟಿಗೆ 65 ವಾಟ್ ಕೊಡಲಾಗದೆ? ಬಡವರು ಕೊಳ್ಳುವ ಐ3ರ ಮಟ್ಟಿಗೆ ವಿದ್ಯುತ್ತಿನ ವಾದ ನಿಲ್ಲುವುದಿಲ್ಲ. ಮುಂದೆ ಹವ್ಯಾಸಿಗಳು ಬಯೋಸ್ ತಂತ್ರಾಂಶವನ್ನು ತಿದ್ದಿ, ಕೆಲವು ಪ್ರೊಸೆಸರುಗಳಲ್ಲಿ ಅಡಿಯ ಕೆಲವು ಬಿಂದುಗಳಿಗೆ ಟೇಪು ಅಂಟಿಸಿ, ಹಳೆಯ ಬೋರ್ಡುಗಳಲ್ಲಿ ಎಂಟನೆಯ ಪೀಳಿಗೆಯನ್ನು ಓಡಿಸಿ ತೋರಿಸಿದರು. (ಶಾಲೆಯ ಗಣಕದಲ್ಲಿ ಯಾರೂ ಇದನ್ನು ಪ್ರಯೋಗಿಸಬಾರದು. ಬೋರ್ಡು ಸುಟ್ಟರೆ ಕೇಳುವವರಿಲ್ಲ.) ಬೀಗವಿದ್ದದ್ದು ಲೋಹದಲ್ಲಲ್ಲ, ತಂತ್ರಾಂಶದಲ್ಲಿ. ಹೊಂದದ ರ್‍ಯಾಮಿಗೆ ಕಚ್ಚು ಬದಲಿಸಿದವರು ಹೊಂದದ ಪ್ರೊಸೆಸರಿಗೆ ಹೆಸರನ್ನಾದರೂ ಬದಲಿಸಬಹುದಿತ್ತು. ಒಂದೇ ಹೆಸರು ನಂಬಿ ಕೊಂಡವನು ಮೋಸಹೋದರೆ ತಪ್ಪು ಯಾರದು?

ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇದಕ್ಕೆ ಎದುರಾದ ಉದಾಹರಣೆ. 2016ರಲ್ಲಿ ಬಂದ ಈ ಸಾಕೆಟ್ಟಿಗೆ 2017ರ ಮೊದಲ ರೈಜನ್ ಪ್ರೊಸೆಸರಿನಿಂದ ಹಿಡಿದು 5000 ಸರಣಿಯವರೆಗೆ ಹಲವು ಪೀಳಿಗೆಗಳು ಬಂದವು. 2024ರಲ್ಲೂ ಹೊಸ ಮಾದರಿಗಳು ಬಿಡುಗಡೆಯಾದವು. ಒಬ್ಬ ವಿದ್ಯಾರ್ಥಿ 2017ರಲ್ಲಿ ರೈಜನ್ 3 1200 ಹಾಕಿಸಿದ್ದ ಎನ್ನಿ. ಅದು ನಾಲ್ಕು ಕೋರ್, ನಾಲ್ಕು ಥ್ರೆಡ್, 65 ವಾಟ್. ಬಯೋಸ್ ಹೊಸದು ಮಾಡಿಕೊಂಡು ಅದೇ ಬೋರ್ಡಿಗೆ ಅವನು 2022ರ ರೈಜನ್ 5 5600 ಹಾಕಬಹುದು. ಇದರಲ್ಲಿ ಆರು ಕೋರ್, ಹನ್ನೆರಡು ಥ್ರೆಡ್, ಮೂರನೆಯ ಹಂತದ ಕ್ಯಾಶ್ 8 ಎಂಬಿಯ ಬದಲು 32 ಎಂಬಿ, ಸಾಮರ್ಥ್ಯ ಮಾತ್ರ ಅದೇ 65 ವಾಟ್. ಬೋರ್ಡು ಉಳಿಯಿತು, ರ್‍ಯಾಮ್ ಉಳಿಯಿತು, ಪವರ್ ಸಪ್ಲೈ ಉಳಿಯಿತು. ಕೊಟೇಶನ್ನಿನಲ್ಲಿ ಒಂದೇ ಸಾಲು. ಅಪ್‌ಗ್ರೇಡ್ ಎಂದರೆ ಇದು. ಇಲ್ಲದಿದ್ದರೆ ಹಳೆಯ ಕ್ಯಾಬಿನೆಟ್ಟಿನಲ್ಲಿ ಹೊಸ ಗಣಕ ಕೊಂಡಂತೆ, ಅಷ್ಟೆ.

ಎಎಂ4ನ್ನು ಹೊಗಳಿ ಸುಮ್ಮನಾಗುವ ಹಾಗೂ ಇಲ್ಲ. 2020ರ ಮೇ ತಿಂಗಳಲ್ಲಿ ಇದೇ ಕಂಪನಿ, ಮುಂಬರುವ ಪ್ರೊಸೆಸರುಗಳು 400 ಸರಣಿಯ ಬೋರ್ಡುಗಳಲ್ಲಿ ನಡೆಯುವುದಿಲ್ಲ ಎಂದು ಸಾರಿತ್ತು. ಬಯೋಸ್ ಇಡುವ ಚಿಪ್ಪಿನ ಗಾತ್ರ 16 ಎಂಬಿ ಮಾತ್ರ, ಎಲ್ಲ ಪೀಳಿಗೆಗಳ ಮಾಹಿತಿ ಅದರಲ್ಲಿ ಹಿಡಿಸದು ಎಂಬುದು ಕಾರಣ. ಬಳಕೆದಾರರು ಗದ್ದಲವೆಬ್ಬಿಸಿದ ಮೇಲೆ ಅದೇ ತಿಂಗಳಲ್ಲಿ ಮಾತು ಬದಲಿಸಿತು. ಇನ್ನೂ ಹಳೆಯ 300 ಸರಣಿಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಅಸಾಧ್ಯ ಎಂದದ್ದು ಎರಡು ವರ್ಷದಲ್ಲಿ ಸಾಧ್ಯವಾಯಿತು. ಚಿಪ್ಪಿನ ಗಾತ್ರದ ಸಮಸ್ಯೆ ಸುಳ್ಳಲ್ಲ, ಹೊಸತಕ್ಕೆ ಜಾಗ ಮಾಡಲು ಕೆಲವು ಬೋರ್ಡುಗಳ ಬಯೋಸಿನಿಂದ ತೀರ ಹಳೆಯ ಪ್ರೊಸೆಸರುಗಳ ಮಾಹಿತಿಯನ್ನು ತೆಗೆದುಹಾಕಿದ್ದಾರೆ. ಆದರೂ ನಿರ್ಧಾರ ತಂತ್ರಜ್ಞಾನದಷ್ಟೇ ಇಚ್ಛೆಯದ್ದೂ ಆಗಿತ್ತು. ಇಂಟೆಲ್ ಬಳಕೆದಾರರ ಗದ್ದಲಕ್ಕೆ 2017ರಲ್ಲಿ ಅಂಥ ಫಲ ಸಿಗಲಿಲ್ಲ, ವ್ಯತ್ಯಾಸ ಅಷ್ಟೇ.

ಬಯೋಸ್ ಬದಲಾವಣೆಯಲ್ಲಿ ಇನ್ನೊಂದು ತೊಡಕಿದೆ. ಹೊಸ ಪ್ರೊಸೆಸರನ್ನು ಗುರುತಿಸಲು ಹೊಸ ಬಯೋಸ್ ಬೇಕು. ಬಯೋಸ್ ಹಾಕಲು ಗಣಕ ಓಡಬೇಕು. ಗಣಕ ಓಡಲು ಬೋರ್ಡು ಗುರುತಿಸುವ ಪ್ರೊಸೆಸರ್ ಇರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂಥ ಸ್ಥಿತಿ. 2018ರಲ್ಲಿ ಹೀಗೆ ಸಿಕ್ಕಿಬಿದ್ದವರಿಗೆ ಎಎಂಡಿ ಹಳೆಯ ಪ್ರೊಸೆಸರೊಂದನ್ನು ಎರವಲು ಕಳಿಸಬೇಕಾಯಿತು! ಆದ್ದರಿಂದ ಹಳೆಯದನ್ನು ತೆಗೆಯುವ ಮೊದಲೇ ಬಯೋಸ್ ಕೆಲಸ ಮುಗಿಸಿರಬೇಕು. ಅದೂ ಯುಪಿಎಸ್ ಇರುವ ಕಡೆ. ನಡುವೆ ಕರೆಂಟು ಹೋದರೆ ಎಷ್ಟೋ ಬೋರ್ಡುಗಳು ಮತ್ತೆ ಏಳುವುದಿಲ್ಲ. ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಅಡಿಯಲ್ಲಿ. ಒಣಗಿದ ಶಾಖಲೇಪದಿಂದ ಕೂಲರಿಗೆ ಅಂಟಿಕೊಂಡ ಪ್ರೊಸೆಸರ್ ಎಳೆದಾಗ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನು ಬಾಗುವುದುಂಟು. ಬಿಚ್ಚುವ ಮೊದಲು ಸ್ವಲ್ಪ ಹೊತ್ತು ಗಣಕವನ್ನು ಓಡಿಸಿ ಬೆಚ್ಚಗಾಗಿಸಿ, ಆರಿಸಿ, ಕೂಲರನ್ನು ಮೆಲ್ಲಗೆ ತಿರುಚಿ ತೆಗೆಯುವುದು ಕ್ಷೇಮ.

ಕೊಟೇಶನ್ನಿನ ನಾಲ್ಕನೆಯ ಸಾಲಿನ ಹಿಂದೆ ಇನ್ನೊಂದು ಬೀಗವಿದೆ. ಗಣಕದೊಂದಿಗೇ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಬೋರ್ಡಿಗೆ ಕಟ್ಟಿಬಿದ್ದಿರುತ್ತದೆ, ಬೋರ್ಡು ಬದಲಾದರೆ ಅದು ಹೊಸ ಗಣಕ ಎಂದೇ ಲೆಕ್ಕ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11, ಕೆಲವು ಅಪವಾದಗಳನ್ನು ಬಿಟ್ಟರೆ, ಇಂಟೆಲ್ಲಿನ ಏಳನೆಯ ಪೀಳಿಗೆಯವರೆಗಿನ ಪ್ರೊಸೆಸರುಗಳನ್ನೂ ಮೊದಲ ರೈಜನ್ ಪೀಳಿಗೆಯನ್ನೂ ಹೊರಗಿಟ್ಟಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಭದ್ರತೆಯ ದೃಷ್ಟಿಯಿಂದ ಗೆರೆ ಎಲ್ಲಾದರೂ ಎಳೆಯಬೇಕು, ನಿಜ. ಆದರೆ ಎಳೆದ ಜಾಗ ನೋಡಿ: ಎಂಟು ಥ್ರೆಡ್‌ಗಳ ಐ7-7700 ಹೊರಗೆ, ನಾಲ್ಕು ಥ್ರೆಡ್‌ಗಳ ಐ3-8100 ಒಳಗೆ. ಎಲ್ಲ ಕೋರುಗಳೂ ದುಡಿಯುವ ಕೆಲಸದಲ್ಲಿ ಮೊದಲನೆಯದೇ ಮುಂದು. ಮೇಷ್ಟರ ಎಚ್110 ಬೋರ್ಡಿಗೆ ಹಾಕಬಹುದಾದ ಮೇಲ್ದರ್ಜೆಯ ಪ್ರೊಸೆಸರ್ ಈ ಐ7-7700. ಅದು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ಸ್ಥಿತಿಯಲ್ಲಿ ಸಿಗಬಹುದು. ಪ್ರೊಸೆಸರುಗಳು ಕೆಡುವುದು ಅಪರೂಪ, ಆದ್ದರಿಂದ ಬಳಸಿದ ಪ್ರೊಸೆಸರ್ ಕೊಳ್ಳಲು ಬಳಸಿದ ಬೋರ್ಡಿನಷ್ಟು ಹೆದರಬೇಕಿಲ್ಲ. ಆದರೆ ಹಣ ತೆತ್ತು ಅದನ್ನು ಹಾಕಿದರೂ ವಿಂಡೋಸ್ 11ರ ಬಾಗಿಲು ತೆರೆಯದು. ಮೇಲೆ ಹೇಳಿದ ರೈಜನ್ ಬಳಕೆದಾರ ಮಾತ್ರ ಅದೇ ಬೋರ್ಡಿನಲ್ಲಿ ಗೆರೆ ದಾಟಿಬಿಡುತ್ತಾನೆ.

ಶಾಲೆಗಳಿಗೆ ಇನ್ನೊಂದು ಮಾತು. ಟೆಂಡರಿನಲ್ಲಿ ಬರುವ ಬ್ರಾಂಡೆಡ್ ಗಣಕಗಳಲ್ಲಿ ಎಷ್ಟೋ ಮಾದರಿಗಳ ಬೋರ್ಡು ಮತ್ತು ಪವರ್ ಸಪ್ಲೈ ಎಟಿಎಕ್ಸ್ ಮಾನಕವನ್ನು ಪಾಲಿಸುವುದಿಲ್ಲ. ಪ್ಲಗ್ಗಿನ ಪಿನ್ನುಗಳ ಸಂಖ್ಯೆಯೇ ಬೇರೆ. ಅಂಥವುಗಳಲ್ಲಿ ಬೋರ್ಡು ಬದಲಿಸಹೊರಟರೆ ಪವರ್ ಸಪ್ಲೈ, ಕೆಲವೊಮ್ಮೆ ಕ್ಯಾಬಿನೆಟ್ಟು ಕೂಡ ಬದಲಾಗಬೇಕು. ಮುಚ್ಚಳ ತೆಗೆದು ನೋಡದೆ ಕೊಟೇಶನ್ ಬರೆಯಿಸಲೇಬಾರದು. ಮೇಷ್ಟರ ಗಣಕಗಳು ಅದೃಷ್ಟಕ್ಕೆ ಜೋಡಿಸಿದ ಗಣಕಗಳು.

ಕೊನೆಗೆ ಆದದ್ದಿಷ್ಟು. ಹನ್ನೆರಡರಲ್ಲಿ ಒಂಬತ್ತಕ್ಕೆ ಎಸ್‌ಎಸ್‌ಡಿ ಮತ್ತು ಇನ್ನೊಂದು 4 ಜಿಬಿ ರ್‍ಯಾಮ್ ಹಾಕಿಸಿ ಲಿನಕ್ಸ್ ಸ್ಥಾಪಿಸಿದರು. ಪ್ರೊಸೆಸರ್ ಹಳೆಯದೇ. ಜಿಯೋಜೀಬ್ರಾ ಅದರಲ್ಲೂ ಓಡುತ್ತದೆ. ನುಡಿ ತಂತ್ರಾಂಶ ಇಲ್ಲವಾದರೂ ಅದೇ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಸಿಗುವುದರಿಂದ ಮಕ್ಕಳ ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ಉಳಿದ ಮೂರರ ಬೋರ್ಡುಗಳು ಕೆಟ್ಟೇ ಹೋಗಿದ್ದವು. ಅವಕ್ಕೆ ಬಿ450 ಚಿಪ್‌ಸೆಟ್ಟಿನ ಎಎಂ4 ಬೋರ್ಡು ಮತ್ತು ಗ್ರಾಫಿಕ್ಸ್ ಒಳಗೊಂಡ ರೈಜನ್ 5 5600ಜಿ ಹಾಕಿಸಿದರು. ಬಯೋಸನ್ನು ಅಂಗಡಿಯಲ್ಲೇ ಹೊಸದು ಮಾಡಿಸಿ, ಗಣಕ ಎದ್ದದ್ದನ್ನು ಕಣ್ಣಾರೆ ನೋಡಿಕೊಂಡ ಮೇಲೆಯೇ ಹಣ ಕೊಟ್ಟರು. ಹಳೆಯ ಡಿಡಿಆರ್4 ರ್‍ಯಾಮ್, ಕ್ಯಾಬಿನೆಟ್ಟು, ಪರೀಕ್ಷಿಸಿ ನೋಡಿದ ಪವರ್ ಸಪ್ಲೈ ಹಾಗೆಯೇ ಮುಂದುವರಿದವು. ಶಾಲೆಯ ಲೆಕ್ಕಪತ್ರದ ತಂತ್ರಾಂಶಕ್ಕೆ ಬೇಕಾದ ವಿಂಡೋಸ್ 11 ಈ ಮೂರರಲ್ಲಿದೆ.

ಬೋರ್ಡಿನಿಂದ ಬಿಡುಗಡೆಯಾದ ಮೂರು ಐ3-6100 ಪ್ರೊಸೆಸರುಗಳಲ್ಲಿ ಎರಡನ್ನು ಬಿಡಿಭಾಗವಾಗಿ ಕಟ್ಟಿಟ್ಟಿದ್ದಾರೆ. ಒಂದು ವಿಜ್ಞಾನ ಪ್ರಯೋಗಾಲಯದ ಬೀರುವಿನಲ್ಲಿದೆ. ಹತ್ತನೆಯ ತರಗತಿಯವರು ಅದನ್ನು ತಿರುವಿ ಹಿಡಿದು, ಮಸೂರದಡಿ ಚಿನ್ನದ ಬಣ್ಣದ ಬಿಂದುಗಳನ್ನು ಎಣಿಸತೊಡಗುತ್ತಾರೆ. 1151 ಮುಟ್ಟಿದವರು ಇನ್ನೂ ಯಾರೂ ಇಲ್ಲವಂತೆ.